ಹಳೆಯ ಗಣಕಕ್ಕೆ ಹೊಸ ಕಣಜ

ನಮ್ಮ ನಂಜನಗೂಡಿನ ಕಡೆಯ ಶಾಲೆ, ಸಹಕಾರ ಸಂಘ, ಪಂಚಾಯಿತಿ ಮೊದಲಾದ ಕಚೇರಿಗಳಲ್ಲಿ ಈಚೆಗೆ ಒಂದು ಆಚಾರ ಬೆಳೆದು ನಿಂತಿದೆ. ಬೆಳಿಗ್ಗೆ ಬಾಗಿಲು ತೆರೆದವರು ಮೊದಲು ಗಣಕಯಂತ್ರದ ಗುಂಡಿಯನ್ನು ಒತ್ತುತ್ತಾರೆ. ಒತ್ತಿದವರು ಅದರ ಮುಂದೆ ಕುಳಿತುಕೊಳ್ಳುವುದಿಲ್ಲ. ಕಸ ಗುಡಿಸುತ್ತಾರೆ, ದೇವರ ಪಟಕ್ಕೆ ಹೂವಿಡುತ್ತಾರೆ, ಎದುರು ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಅಷ್ಟು ಹೊತ್ತಿಗೆ ಪರದೆಯ ಮೇಲೆ ಚಿತ್ರವೇನೋ ಮೂಡಿರುತ್ತದೆ. ಆದರೆ ಕೆಲಸಕ್ಕೆ ಮೊದಲಾಗುವಂತಿಲ್ಲ. ನಡುವೆ ಒಂದು ಸಣ್ಣ ಬಳೆ ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಮಗನ ವರ್ಗಾವಣೆ ಪತ್ರಕ್ಕೆಂದು ಹಳ್ಳಿಯಿಂದ ಬಂದ ತಂದೆ ಬೆಂಚಿನ ಮೇಲೆ ಕುಳಿತು ಆ ಬಳೆಯನ್ನೇ ನೋಡುತ್ತಾನೆ. ಅವನ ಹತ್ತೂವರೆಯ ಬಸ್ಸು ಹೊರಟುಹೋಗುತ್ತದೆ.

ಇಂಥ ಯಂತ್ರವನ್ನು ಕಂಡವರು ಹೇಳತಕ್ಕ ಮಾತು ಒಂದೇ: ‘ಇದಕ್ಕೆ ವಯಸ್ಸಾಯಿತು, ಗುಜರಿಗೆ ಹಾಕಿ, ಹೊಸದು ತನ್ನಿ.’ ವಯಸ್ಸಾದುದು ನಿಜ. ಆದರೆ ಮನುಷ್ಯರಲ್ಲಿ ಒಬ್ಬರಿಗೆ ಮಂಡಿ ಸೋತಿರುತ್ತದೆ, ಒಬ್ಬರಿಗೆ ಕಣ್ಣು ಮಬ್ಬಾಗಿರುತ್ತದೆ. ಮಂಡಿ ಸೋತವರ ಕಣ್ಣಿಗೆ ಯಾರೂ ಔಷಧ ಹಾಕುವುದಿಲ್ಲ. ಗಣಕದಲ್ಲಿಯೂ ಸೋತ ಅಂಗ ಯಾವುದೆಂದು ಮೊದಲು ನೋಡಬೇಕಷ್ಟೆ. ಅದರೊಳಗೆ ಮುಖ್ಯವಾಗಿ ಮೂರು ಸೇರಿ ಕೆಲಸ ಮಾಡುತ್ತವೆ. ಲೆಕ್ಕ ಹಾಕುವ ಪ್ರೊಸೆಸರ್ ಒಂದು. ಲೆಕ್ಕ ಹಾಕುವಾಗ ಬರೆದು ಅಳಿಸುವ ಸ್ಲೇಟಿನಂತಿರುವ ರ‍್ಯಾಮ್ ಎರಡನೆಯದು. ವಿದ್ಯುತ್ತು ಹೋದರೆ ಸ್ಲೇಟು ಬರಿದು. ಬರೆದುದನ್ನೆಲ್ಲ ಶಾಶ್ವತವಾಗಿ ಕಾಪಾಡುವ ಡಿಸ್ಕು ಮೂರನೆಯದು. ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ ಎಲ್ಲರ ಕಣ್ಣಿಗೂ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿದೆ ಎನ್ನುತ್ತಾರೆ. ಗಣಕವನ್ನು ಕೊಳ್ಳುವಾಗಲೂ ಮೊದಲೆರಡನ್ನು ವಿಚಾರಿಸಿಕೊಂಡು, ಗುಪ್ತವಾದ ಮೂರನೆಯದನ್ನು ಮರೆಯುವುದು ಜನರ ವಾಡಿಕೆ. ಹನ್ನೆರಡು ಹದಿನೈದು ವರ್ಷದ ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ತೊಂದರೆ ಇರುವುದು ಈ ಮೂರನೆಯದರಲ್ಲಿಯೇ.

ಹಳೆಯ ಡಿಸ್ಕು ಎಂದರೇನು? ಅದು ಒಂದು ಲೋಹದ ಡಬ್ಬಿ. ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳು. ಅವುಗಳ ಮೇಲೆ ಕಾಂತದ ಲೇಪ. ಬಿಲ್ಲೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ, ಎಂದರೆ ಸೆಕೆಂಡಿಗೆ 120 ಸುತ್ತು. ಗ್ರಾಮಫೋನಿನ ಕೈಯಂತಹ ಒಂದು ಕೈ ಅತ್ತಿತ್ತ ಸರಿದು, ಬೇಕಾದ ಸಾಲಿನ ಮೇಲೆ ನಿಂತು, ಬೇಕಾದ ಅಕ್ಷರ ತನ್ನ ಕೆಳಗೆ ಬರುವವರೆಗೆ ಕಾಯುತ್ತದೆ. ಗ್ರಾಮಫೋನಿಗೂ ಇದಕ್ಕೂ ಒಂದು ಭೇದ: ಇಲ್ಲಿ ಮುಳ್ಳು ಬಿಲ್ಲೆಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕಥೆ ಮುಗಿಯಿತು. ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ, ತೆಳುವಾದ ಗಾಳಿಯ ಪದರದ ಮೇಲೆ, ಅದು ತೇಲುತ್ತಿರುತ್ತದೆ. ಇಂತಹ ಮೊದಲ ಯಂತ್ರವನ್ನು ಅಮೆರಿಕದ ಐ.ಬಿ.ಎಂ. ಸಂಸ್ಥೆ 1956ರಲ್ಲಿ ಹೊರತಂದಿತು. ಅದರಲ್ಲಿ ಎರಡೆರಡು ಅಡಿ ಅಗಲದ 50 ಬಿಲ್ಲೆಗಳಿದ್ದವು. ತೂಕ ಸುಮಾರು ಒಂದು ಟನ್ನು. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ಜೇಬಿನಲ್ಲಿರುವ ದೂರವಾಣಿಯ ಒಂದೆರಡು ಭಾವಚಿತ್ರಕ್ಕೆ ಆ ಜಾಗ ಸಾಲದು. ಅಂದಿನಿಂದ ಅಳತೆ ಕುಗ್ಗಿತು, ಹಿಡಿತ ಹಿಗ್ಗಿತು. ಆದರೆ ತಿರುಗುವ ಬಿಲ್ಲೆ, ಸರಿಯುವ ಕೈ ಎಂಬ ಮೂಲ ಉಪಾಯ ಬದಲಾಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಕೈ ಸರಿದು ನಿಲ್ಲುವುದಕ್ಕೆ ಸರಾಸರಿ 9 ಪಾಲು ಬೇಕು. ಬಿಲ್ಲೆ ಅರ್ಧ ಸುತ್ತು ಬರುವವರೆಗೆ ಕಾಯುವುದಕ್ಕೆ ಇನ್ನು 4 ಪಾಲು. ಒಟ್ಟು 13. ಇದು ಬಹಳ ಸ್ವಲ್ಪವೆಂದು ತೋರಬಹುದು. ಆದರೆ ಗಣಕ ಬೆಳಿಗ್ಗೆ ಎದ್ದು ನಿಲ್ಲುವಾಗ ಓದುವುದು ಒಂದು ದೊಡ್ಡ ಗ್ರಂಥವನ್ನಲ್ಲ. ಡಿಸ್ಕಿನ ಮೂಲೆಮೂಲೆಗಳಲ್ಲಿ ಚೆದುರಿದ ಸಾವಿರಾರು ಸಣ್ಣ ಚೀಟಿಗಳನ್ನು. ಹತ್ತು ಸಾವಿರ ಚೀಟಿಗಳೆಂದು ಇಟ್ಟುಕೊಂಡರೆ 130 ಸೆಕೆಂಡು, ಎಂದರೆ ಎರಡು ನಿಮಿಷಕ್ಕೆ ಮೀರಿ, ಬರಿಯ ಓಡಾಟಕ್ಕೇ ಕಳೆಯಿತು. ಅಷ್ಟು ಹೊತ್ತೂ ಪ್ರೊಸೆಸರ್ ಎಂಬ ಪಂಡಿತ ಕೈಕಟ್ಟಿ ಕುಳಿತಿರುತ್ತಾನೆ. ಜೊತೆಗೆ ವೈರಸ್ ಕಾವಲಿನವನೂ ಅದೇ ಕೈಯನ್ನು ಇನ್ನೊಂದು ದಿಕ್ಕಿಗೆ ಎಳೆದರೆ ಹೇಳುವುದೇ ಬೇಡ.

ಈ ಓಡಾಟವನ್ನೇ ಇಲ್ಲದಂತೆ ಮಾಡಿದ್ದು ಎಸ್.ಎಸ್.ಡಿ. ಎಂಬ ಹೊಸ ಸಾಧನ. ಅದರಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಕೋಟಿಗಟ್ಟಲೆ ಸಣ್ಣ ಗೂಡುಗಳು. ಒಂದೊಂದರಲ್ಲಿಯೂ ವಿದ್ಯುತ್ಕಣಗಳನ್ನು ಕೂಡಿಹಾಕಿ ಬಾಗಿಲು ಮುಚ್ಚಿಬಿಡುತ್ತಾರೆ. ಮನೆಯ ದೀಪ ಆರಿದರೂ ಅವು ಒಳಗೇ ಇರುತ್ತವೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬ ವಿಜ್ಞಾನಿ ಇಂತಹ ನೆನಪನ್ನು 1984ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂದು ನಾವು ಬಳಸುವ ನ್ಯಾಂಡ್ ಎಂಬ ಬಗೆ 1987ರಲ್ಲಿ ಬಂದಿತು. ಇದರಲ್ಲಿ ಒಂದು ಚೀಟಿಯನ್ನು ತೆಗೆಯಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲಿನ ಹತ್ತನೆಯ ಒಂದಂಶ ಸಾಕು. ಹಿಂದಿನ ಹತ್ತು ಸಾವಿರ ಚೀಟಿಗಳ ಲೆಕ್ಕವನ್ನು ಮತ್ತೆ ಹಾಕಿದರೆ ಒಂದೇ ಸೆಕೆಂಡು.

ಹೆಸರಿನ ವಿಷಯವಾಗಿ ಒಂದು ಮಾತು. ಪಂಡಿತನ ಚಾಳಿ, ತಾವು ಮನ್ನಿಸಬೇಕು. ‘ಘನಸ್ಥಿತಿ ಚಾಲಕ’ ಎಂದು ಇದಕ್ಕೆ ಅನುವಾದ ಮಾಡಿದುದನ್ನು ಕಂಡಿದ್ದೇನೆ. ಚಾಲಕನೆಂದರೆ ನಮ್ಮ ಸಾರಿಗೆ ಬಸ್ಸಿನ ಚಾಲಕ. ಈ ಸಾಧನ ಏನನ್ನೂ ಚಾಲನೆ ಮಾಡುವುದಿಲ್ಲ, ತಾನೂ ಚಲಿಸುವುದಿಲ್ಲ. ಚಲಿಸದಿರುವುದೇ ಅದರ ಹೆಚ್ಚಳ! ನಮ್ಮ ಕಡೆ ಕಾಳನ್ನು ಕೂಡಿಡುವುದಕ್ಕೆ ನೆಲದೊಳಗೆ ಹಗೇವು ಇತ್ತು, ಮನೆಯೊಳಗೆ ಕಣಜವಿತ್ತು. ಹಗೇವಿನಿಂದ ರಾಗಿ ತೆಗೆಯಬೇಕಾದರೆ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಒಬ್ಬ ಇಳಿಯಬೇಕು. ಕಣಜವಾದರೆ ಕಿಂಡಿ ಎಳೆದರೆ ಸಾಕು, ಕಾಳು ಸುರಿಯುತ್ತದೆ. ಹಳೆಯ ಡಿಸ್ಕನ್ನು ಹಗೇವೆಂದೂ ಹೊಸದನ್ನು ಕಣಜವೆಂದೂ ಕರೆದರೆ ನಮ್ಮ ಹುಡುಗರಿಗೆ ಅರ್ಥವಾದೀತು. ಅಂಗಡಿಗೆ ಹೋದಾಗ ಮಾತ್ರ ಎಸ್.ಎಸ್.ಡಿ. ಎಂದೇ ಕೇಳಿ.

‘ನಮ್ಮ ಯಂತ್ರ ಹಳೆಯದು, ಹೊಸ ಕಣಜದ ವೇಗವನ್ನು ಅದು ತಾಳುತ್ತದೆಯೇ?’ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಡಿಸ್ಕಿಗೂ ಯಂತ್ರಕ್ಕೂ ನಡುವೆ ಸಾಟಾ ಎಂಬ ಸಣ್ಣ ತಂತಿ ಇದೆ. ಹಳೆಯ ಯಂತ್ರಗಳಲ್ಲಿ ಅದು ಎರಡನೆಯ ತಲೆಮಾರಿನದಾಗಿದ್ದರೆ ಸೆಕೆಂಡಿಗೆ 300 ಮೆಗಾಬೈಟಿಗಿಂತ ಹೆಚ್ಚು ದಾಟಿಸಲಾರದು. 2009ರ ಅನಂತರ ಬಂದ ಮೂರನೆಯ ತಲೆಮಾರಿನದಾದರೆ 550ರವರೆಗೆ ದಾಟಿಸುತ್ತದೆ. ಆದರೆ ನಂಜನಗೂಡಿನ ಕಪಿಲೆಯ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಸೇತುವೆಯನ್ನು ನೀವು ನೋಡಿರಬಹುದು. ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿದ ಆ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಸೇತುವೆ ಕಿರಿದಾದುದರಿಂದ ಊರಿನವರಿಗೆ ತಡವಾಗುತ್ತಿರಲಿಲ್ಲ. ಆಚೆ ದಡದಲ್ಲಿ ಗಾಡಿ ಹೂಡುವುದು ತಡವಾದರೆ ತಡವಾಗುತ್ತಿತ್ತು. ಗಣಕದಲ್ಲಿಯೂ ಹಾಗೆಯೇ. ಕಾಯುವಿಕೆ ತಪ್ಪಿದರೆ ಸಾಕು, ಕಿರಿದಾದ ತಂತಿಯಲ್ಲಿಯೂ ಮುಕ್ಕಾಲು ಪಾಲು ಲಾಭ ದೊರೆಯುತ್ತದೆ. ಆದರೆ ತೀರ ಹಳೆಯ, ಅಗಲವಾದ ಪಟ್ಟಿಯಂಥ ತಂತಿಯುಳ್ಳ ಯಂತ್ರಗಳ ಮಾತು ಬೇರೆ. ಅವುಗಳಿಗೆ ಈ ಖರ್ಚು ತಕ್ಕದ್ದಲ್ಲ.

ಇದಿಷ್ಟೂ ವೇಗದ ವಿಷಯ. ವೇಗಕ್ಕಿಂತ ಮುಖ್ಯವಾದ ಇನ್ನೊಂದು ಕಾರಣದಿಂದಲೇ ನಾನು ಈ ವಿಷಯವನ್ನು ಎತ್ತಿಕೊಂಡದ್ದು.

ತಿರುಮಕೂಡಲು ನರಸೀಪುರದಲ್ಲಿ ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಕನ್ನಡ ಪಂಡಿತರಾಗಿ ನಿವೃತ್ತರಾದವರು. ಹದಿನಾಲ್ಕು ವರ್ಷಗಳಿಂದ ತಮ್ಮ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಹೊಲಗದ್ದೆಗಳ ಹೆಸರುಗಳನ್ನೂ ಬೇಸಾಯದ ಮಾತುಗಳನ್ನೂ ಕೂಡಿಸುತ್ತ ಬಂದಿದ್ದಾರೆ. ಒಂದೇ ತೂಬಿನ ಕೆಳಗಿನ ಗದ್ದೆಗಳಿಗೆ ಒಂದೊಂದಕ್ಕೂ ಹೆಸರುಂಟು. ಆ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಉತ್ತವನ ಬಾಯಲ್ಲಿ ಇರುತ್ತದೆ. ಹೇಳಿದ ಮುದುಕರಲ್ಲಿ ಅನೇಕರು ಈಗ ಇಲ್ಲ. ಮಿತ್ರರು ಅದನ್ನೆಲ್ಲ 2011ರಲ್ಲಿ ಕೊಂಡ ಗಣಕದಲ್ಲಿ, ನುಡಿ ತಂತ್ರಾಂಶದಲ್ಲಿ, ಅಕಾರಾದಿಯಾಗಿ ಬೆರಳಚ್ಚು ಮಾಡಿಟ್ಟಿದ್ದರು. ಒಂದು ದಿನ ಯಂತ್ರದೊಳಗಿಂದ ಹಲ್ಲಿ ಲೊಚಗುಟ್ಟಿದಂತೆ ಸದ್ದು ಕೇಳಿಸಿತಂತೆ. ಮರುದಿನ ಯಂತ್ರ ಏಳಲಿಲ್ಲ. ಮೂರನೆಯ ಸಲ ಗುಂಡಿ ಒತ್ತಿದಾಗ ಎದ್ದಿತು. ಅವರು ದೂರವಾಣಿಯಲ್ಲಿ ಹೇಳಿದರು: ‘ಏನು ಸ್ವಾಮಿ, ಹಲ್ಲಿ ಶಕುನ ನೋಡುವ ಪಂಚಾಂಗ ನಿಮ್ಮಲ್ಲಿದೆಯೇ?’

ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಹೋದೆ. ನಂಜನಗೂಡಿನಲ್ಲಿ ಗಣಕ ರಿಪೇರಿ ಮಾಡುವ ಹುಡುಗ. ಅವನು ಮೊದಲು ಮಾಡಿದ ಕೆಲಸ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತದ್ದು. ‘ಸಾರ್, ಇನ್ನು ಮೇಲೆ ಇದನ್ನು ಆನ್ ಮಾಡಲೇಬಾರದು. ಒಂದೊಂದು ಸಲ ಆನ್ ಮಾಡಿದಾಗಲೂ ಒಂದಿಷ್ಟು ಹೋಗುತ್ತದೆ’ ಎಂದ. ಇದು ಎಲ್ಲರೂ ತಿಳಿದಿರತಕ್ಕ ಮಾತು. ಸದ್ದು ಮಾಡುವ ಡಿಸ್ಕನ್ನು ‘ಇನ್ನೊಮ್ಮೆ ನೋಡೋಣ’ ಎಂದು ಹತ್ತು ಸಲ ಎಬ್ಬಿಸುವುದು, ಕಾಲು ಮುರಿದವನನ್ನು ಹತ್ತು ಹೆಜ್ಜೆ ನಡೆಸಿ ನೋಡಿದಂತೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಅದನ್ನು ಸ್ಮಾರ್ಟ್ ಎನ್ನುತ್ತಾರೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಆ ಲೆಕ್ಕ ಕಾಣುತ್ತದೆ. ಸದ್ದು ಬರುವ ಮೊದಲೇ ವರ್ಷಕ್ಕೆರಡು ಸಲ ಅದನ್ನು ನೋಡಿ, ಕೆಟ್ಟ ಜಾಗಗಳ ಸಂಖ್ಯೆ ಏರುತ್ತಿದ್ದರೆ ಕೂಡಲೇ ಎಚ್ಚೆತ್ತುಕೊಳ್ಳಬೇಕು.

ಹುಡುಗ ಡಿಸ್ಕನ್ನು ತನ್ನ ಅಂಗಡಿಗೆ ತಂದು ಡಿ.ಡಿ.ರೆಸ್ಕ್ಯೂ ಎಂಬ ಉಪಕರಣದಿಂದ ಪ್ರತಿ ತೆಗೆಯತೊಡಗಿದ. ಇದು ಜಾಣತನದ ಉಪಕರಣ. ಕೆಟ್ಟ ಜಾಗ ಸಿಕ್ಕಿದಲ್ಲಿ ಹಟ ಹಿಡಿದು ನಿಲ್ಲುವುದಿಲ್ಲ. ಅದನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹೋಗಿ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಕಾಪಾಡಿ, ಕೊನೆಗೆ ಕೆಟ್ಟ ಜಾಗಗಳಿಗೆ ಹಿಂದಿರುಗುತ್ತದೆ. ಹುಳು ತಿಂದ ತಾಳೆಗರಿಯ ಕಟ್ಟನ್ನು ನಕಲು ಮಾಡುವ ಲಿಪಿಕಾರನೂ ಹೀಗೆಯೇ ಮಾಡುತ್ತಿದ್ದಿರಬೇಕು. ಒಂದು ರಾತ್ರಿ, ಒಂದು ಹಗಲು ಹಿಡಿಯಿತು. ಬಹುಪಾಲು ಬಂದಿತು. ಮಿತ್ರರ ಕಡತಗಳಲ್ಲಿ ನಾಲ್ಕು ತೆರೆಯಲಿಲ್ಲ. ಮೂರರ ಮುದ್ರಿತ ಹಾಳೆಗಳು ಮನೆಯಲ್ಲಿದ್ದವು. ನಾಲ್ಕನೆಯದು ಹಕಾರದ ಪದಗಳ ಕಡತ. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಹಗೇವು ಎಂಬ ಮಾತಿನ ಕೆಳಗೆ ಎರಡು ಪುಟ ಬರೆದಿದ್ದೆ ಎಂದು ಅವರು ಈಗಲೂ ಹೇಳುತ್ತಾರೆ. ಆ ಎರಡು ಪುಟವನ್ನು ಹೇಳಿಸಿದ ಮುದುಕಿ ತೀರಿಕೊಂಡು ಆರು ವರ್ಷವಾಯಿತು.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ. ಸಾವಿರ ಬೇಡ, ಮೂರು ಪ್ರತಿ ಸಾಕು: ಯಂತ್ರದಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಬೇರೆ ಊರಿನಲ್ಲೊಂದು. ಬೇರೆ ಊರು ಏಕೆಂದರೆ, 2018ರಲ್ಲಿಯೂ 2019ರಲ್ಲಿಯೂ ಕಪಿಲೆ ತುಂಬಿ ನಂಜನಗೂಡಿಗೆ ನೀರು ನುಗ್ಗಿದುದನ್ನು ನಾವು ಕಂಡಿದ್ದೇವೆ. ನಮ್ಮ ಊರಿನಲ್ಲಿ ಏರಿದ ಆ ನೀರೇ ಮುಂದೆ ತಿರುಮಕೂಡಲಿಗೆ ಹೋಗತಕ್ಕದ್ದು. ಆದುದರಿಂದ ಮಿತ್ರರ ಮೂರನೆಯ ಪ್ರತಿಯನ್ನು ನನ್ನ ಮನೆಯಲ್ಲಿಡುವ ಬದಲು ಮೈಸೂರಿನಲ್ಲಿರುವ ಅವರ ಮಗಳ ಮನೆಯಲ್ಲಿ ಇಡಿಸಿದ್ದೇವೆ.

ಇನ್ನು ಹೊಸ ಕಣಜವನ್ನು ಕೂರಿಸುವ ಕೆಲಸ. ಅದು ಅಷ್ಟೇನೂ ಕಷ್ಟದ್ದಲ್ಲ. ಹುಡುಗ ಹೊಸದನ್ನು ಮಿತ್ರರ ಕೈಗೆ ಕೊಟ್ಟ. ಹಳೆಯದು ಅರ್ಧ ಕಿಲೋಗೆ ಮೀರಿದ ಗಟ್ಟಿ ಮಾಲು. ಇದು 50 ಗ್ರಾಮಿನ ಆಸುಪಾಸು. ಅವರು ಕೈಯಲ್ಲಿ ತೂಗಿ ನೋಡಿ, ‘ಒಳಗೆ ಏನಾದರೂ ಇದೆಯೇನಪ್ಪ?’ ಎಂದರು. ‘ತಾವು ಗುಂಜಾ ನರಸಿಂಹನ ಊರಿನವರು. ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಹೇಳಿಕೊಳ್ಳುವವರು. ತೂಕದ ಮಾತನ್ನು ನಾವು ತಮಗೆ ಹೇಳಬೇಕೇ?’ ಎಂದೆ ನಾನು.

ಯಂತ್ರದ ತಂತಿ ಕಿತ್ತು, ಪಕ್ಕದ ತಗಡನ್ನು ತೆಗೆದು, ಮೊದಲು ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಬೇಕು. ಮೈಮೇಲಿನ ಸ್ಥಾಯೀ ವಿದ್ಯುತ್ತು ಇಳಿಯಲೆಂದು. ದೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಹಳೆಯ ಡಿಸ್ಕಿನ ಜಾಗ ಮೂರೂವರೆ ಅಂಗುಲದ್ದು, ಹೊಸದು ಎರಡೂವರೆ ಅಂಗುಲದ್ದು; ನಡುವೆ ಒಂದು ಸಣ್ಣ ತಗಡಿನ ಚೌಕಟ್ಟು ಬೇಕಾಗುತ್ತದೆ. ಎರಡೇ ತಂತಿ, ಒಂದು ವಿದ್ಯುತ್ತಿಗೆ, ಒಂದು ಮಾಹಿತಿಗೆ. ತಲೆಕೆಳಗಾಗಿ ಸೇರದಂತೆ ತುದಿಗೆ ಮೂಲೆ ಮಾಡಿರುತ್ತಾರೆ. ಹಳೆಯ ಡಿಸ್ಕು ಆರೋಗ್ಯವಾಗಿದ್ದರೆ ಒಳಗಿರುವುದನ್ನೆಲ್ಲ ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶದಿಂದ ಹಾಗೆಯೇ ಹೊಸದಕ್ಕೆ ಇಳಿಸಬಹುದು. ಹೊಸದು ಚಿಕ್ಕದಾದರೆ ಹಳೆಯದರ ವಿಭಾಗಗಳನ್ನು ಮೊದಲು ಕುಗ್ಗಿಸಿಕೊಳ್ಳಬೇಕು. ಡಿಸ್ಕು ಕೆಟ್ಟಿದ್ದರೆ ಹೊಸದಾಗಿಯೇ ಎಲ್ಲವನ್ನೂ ಕೂರಿಸುವುದು ಮೇಲು. ಹಾಗೆ ಕೂರಿಸುವ ಮೊದಲು ಬಯಾಸ್‌ನಲ್ಲಿ ಸಾಟಾದ ರೀತಿ ಎ.ಎಚ್.ಸಿ.ಐ. ಆಗಿದೆಯೇ ಎಂದು ನೋಡಿ. ವಿಂಡೋಸನ್ನು ಕೂರಿಸಿ ಮುಗಿದ ಮೇಲೆ ಅದನ್ನು ಸುಮ್ಮನೆ ಬದಲಾಯಿಸಿದರೆ ಯಂತ್ರ ಏಳದೆ ಹೋಗಬಹುದು. ತಗಡು ತೆರೆದಿರುವಾಗಲೇ ಗುಂಡುಬಿಲ್ಲೆಯಂಥ ಚಿಕ್ಕ ಬ್ಯಾಟರಿಯನ್ನೂ ಬದಲಾಯಿಸಿಬಿಡಿ. ಅದು ಸತ್ತರೆ ಯಂತ್ರ ದಿನಾಂಕವನ್ನು ಮರೆಯುತ್ತದೆ. ದಿನಾಂಕ ತಪ್ಪಿದ ಗಣಕಕ್ಕೆ ಸರ್ಕಾರದ ಜಾಲತಾಣಗಳು ಬಾಗಿಲು ತೆರೆಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳು ಈ ಐವತ್ತು ರೂಪಾಯಿಯೊಳಗಿನ ಬಿಲ್ಲೆಯ ದೆಸೆಯಿಂದ ನಿಂತಿರುವುದುಂಟು.

ಕನ್ನಡದವರಾದ ನಮಗೆ ಇನ್ನೊಂದು ಎಚ್ಚರಿಕೆ ಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿಯೂ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹದಲ್ಲಿಯೂ, ಹಿಂದೆ ನಾವು ಟೈಪು ಮಾಡಿದ್ದು ಬಹುಮಟ್ಟಿಗೆ ಯುನಿಕೋಡಿನಲ್ಲಿ ಅಲ್ಲ. ಅದು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ವೇಷ ತೊಡಿಸಿದ ಬರವಣಿಗೆ. ಆ ವೇಷ ಅಕ್ಷರಶೈಲಿಯ ಕಡತದಲ್ಲಿ ಇರುತ್ತದೆ. ಹೊಸ ಕಣಜಕ್ಕೆ ಬರಹಗಳನ್ನು ಮಾತ್ರ ತಂದು ಅಕ್ಷರಶೈಲಿಗಳನ್ನು ತರದಿದ್ದರೆ, ತೆರೆದಾಗ ಕಾಣುವುದು ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಎಷ್ಟೋ ಜನ ಇದನ್ನು ಕಂಡು ‘ಕಡತ ಕೆಟ್ಟಿತು’ ಎಂದು ಅಳಿಸಿಯೇ ಬಿಟ್ಟಿದ್ದಾರೆ. ಕೆಟ್ಟಿಲ್ಲ, ವೇಷ ಮಾತ್ರ ಬಂದಿಲ್ಲ. ಆದುದರಿಂದ ಅಕ್ಷರಶೈಲಿಗಳ ಕಡತಕೋಶವನ್ನು ತಪ್ಪದೆ ಪ್ರತಿ ಮಾಡಿಕೊಳ್ಳಿ. ಬಳಿಕ ಬಿಡುವಾದಾಗ ಎಲ್ಲವನ್ನೂ ಯುನಿಕೋಡಿಗೆ ತನ್ನಿ. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಕಡೆ ಕಣ್ಣಿಟ್ಟು ಒಮ್ಮೆ ಓದಿ ತಿದ್ದಬೇಕು. ತಿದ್ದುವ ಕೆಲಸ ಯಂತ್ರದ್ದಲ್ಲ, ನಮ್ಮದು.

ಹೊಸ ಕಣಜವನ್ನು ಹಾಕಿದ ಮಾತ್ರಕ್ಕೆ ಮುದುಕ ಯುವಕನಾಗಿಬಿಡುವುದಿಲ್ಲ. ರ‍್ಯಾಮ್ ಎರಡೇ ಜಿ.ಬಿ. ಇದ್ದರೆ ಅದನ್ನು ನಾಲ್ಕೋ ಎಂಟೋ ಮಾಡಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತಯಾರಕರ ಸಾಮಾನ್ಯ ರಕ್ಷಣೆ ನಿಂತಿತು. ವಿಂಡೋಸ್ 11 ಇಂತಹ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂತರಜಾಲದ ಕೆಲಸವುಳ್ಳವರಿಗೆ ಲಿನಕ್ಸ್ ಒಳ್ಳೆಯ ದಾರಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷದಿಂದ ಅದರಲ್ಲಿಯೇ ಕಲಿಯುತ್ತಿದ್ದಾರೆ. ಅದರಲ್ಲಿ ನಮ್ಮ ಪರಿಚಿತ ಕೀಲಿಮಣೆಯ ವಿನ್ಯಾಸವೂ ಇದೆ. ಗುಬ್ಬಿ, ನವಿಲು ಎಂಬ ಮುದ್ದಾದ ಕನ್ನಡ ಅಕ್ಷರಶೈಲಿಗಳೂ ಇವೆ.

‘ಹೊಸದು ಬರೆದು ಬರೆದು ಸವೆಯುತ್ತದಂತಲ್ಲ?’ ಎಂಬ ಹೆದರಿಕೆಯೂ ಕೆಲವರಿಗಿದೆ. ಸವೆಯುವುದು ನಿಜ. 240 ಜಿ.ಬಿ.ಯ ಸಾಧಾರಣ ಕಣಜಕ್ಕೆ 80 ಟೆರಾಬೈಟು ಬರೆಯುವವರೆಗೆ ಬಾಳಿಕೆ ಎಂದು ತಯಾರಕರು ಹೇಳುವುದುಂಟು. ದಿನಕ್ಕೆ 10 ಜಿ.ಬಿ. ಬರೆದರೂ ಅಷ್ಟಾಗಲು ಇಪ್ಪತ್ತು ವರ್ಷಕ್ಕೆ ಮೇಲೆ ಬೇಕು. ಶಾಲೆಯ ಕಚೇರಿಯಲ್ಲಿ ಅಷ್ಟು ಬರೆಯುವವರು ಯಾರು? ಆದರೆ ಇದು ಹೋಗುವಾಗ ಹಲ್ಲಿಯಂತೆ ಲೊಚಗುಟ್ಟಿ ಎಚ್ಚರಿಸುವುದಿಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಹೋಗಿರುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಇಟ್ಟರೆ ನೆನಪು ಸೋರಲೂಬಹುದು.

ತೆಗೆದ ಹಳೆಯ ಡಿಸ್ಕನ್ನು ಹಾಗೆಯೇ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಅದರಲ್ಲಿ ಮಕ್ಕಳ ಹೆಸರು, ಜಾತಿ, ಬ್ಯಾಂಕಿನ ಲೆಕ್ಕ ಎಲ್ಲ ಇರುತ್ತದೆ. ಕಡತಗಳನ್ನು ಅಳಿಸಿದರೆ ಅಳಿಯುವುದು ಪರಿವಿಡಿ ಮಾತ್ರ. ಪುಟಗಳು ಒಳಗೇ ಇರುತ್ತವೆ. ಓಡುವ ಡಿಸ್ಕಾದರೆ ಎಲ್ಲದರ ಮೇಲೂ ಮತ್ತೆ ಸೊನ್ನೆ ಬರೆಯಿಸಬೇಕು. ಓಡದಿದ್ದರೆ ಬಿಲ್ಲೆಗಳಿಗೆ ತೂತು ಕೊರೆಸಿ, ಆಮೇಲೆ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡಬೇಕು. ನಮ್ಮ ಹುಡುಗ ಕೊರೆಯುವ ಯಂತ್ರವನ್ನೂ ತಂದಿದ್ದ. ಮಿತ್ರರು ಒಪ್ಪಲಿಲ್ಲ. ದೊಡ್ಡ ಊರುಗಳಲ್ಲಿ ದೂಳಿಲ್ಲದ ಕೋಣೆಯಲ್ಲಿ ಡಿಸ್ಕನ್ನು ಬಿಚ್ಚಿ ಓದಿಸಿಕೊಡುವವರಿದ್ದಾರೆ, ಖರ್ಚು ಬಹಳವೆಂದು ಅವನೇ ಹೇಳಿದ್ದ. ಮಿತ್ರರ ಪಿಂಚಣಿಗೆ ಈಗ ಅದು ಎಟುಕುವಂತಿಲ್ಲ. ಅವರು ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ, ‘ಹ’ ಎಂದು ದಪ್ಪವಾಗಿ ಬರೆದು, ಮಡಿ ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ತಂದೆಯ ಕಾಲದ ತಾಳೆಗರಿ ಕಟ್ಟುಗಳಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.